ಇವತ್ತ ನಮ್ಮ ಮನಿ ಯಾವುದು?

ಮಲೇಷ್ಯಾದ ಇಪೋ ಊರಿನಲ್ಲಿ ಬಸ್ಸಿಂದ ಇಳಿದಾಗ ಸಂಜೆ ಐದಾಗಿತ್ತು. ಮಳೆ ಬರುವ ಹಾಗಿತ್ತು. ಬೆನ್ನಿಗೆ ಚೀಲ ಏರಿಸಿಕೊಂಡು ನಾಲ್ವರೂ ನಡೆಯುತ್ತಿದ್ದೆವು. ಏಳು ವರ್ಷದ ಮಗ ನನ್ನ ಕೈ ಜಗ್ಗಿ ಕೇಳಿದ, "ಅವ್ವಾ, ಇವತ್ತ ನಮ್ಮ ಮನಿ ಯಾವುದು?"

ಬಾಗಲಕೋಟೆ ಬಿಟ್ಟು ಆಗ ಹದಿನಾಲ್ಕು ದಿನ. ಅದು ನಾಲ್ಕನೇ ಊರು. ಫೋನ್ ತೆಗೆದು ನೋಡದೆ ನನಗೂ ಉತ್ತರ ಹೇಳಲು ಆಗಲಿಲ್ಲ. ಆ ಒಂದು ಪ್ರಶ್ನೆ ಮುಂದೆ ನಮ್ಮ ಪ್ರಯಾಣವನ್ನೇ ಬದಲಿಸಿತು. ಆದರೆ ಅವತ್ತೇ ಅಲ್ಲ. ಅದು ನಮ್ಮ ತಲೆಗೆ ಇಳಿಯಲು ಇನ್ನೂ ಒಂದು ತಿಂಗಳು, ಒಂದು ಡೆಂಗಿ ಜ್ವರ ಬೇಕಾಯಿತು.

ನಾವಿರುವುದು ಬಾಗಲಕೋಟೆಯ ನವನಗರದಲ್ಲಿ. ನಮ್ಮ ಮನೆಯವರದು ಇಳಕಲ್ ಸೀರೆ, ಗುಳೇದಗುಡ್ಡ ಖಣದ (ರವಿಕೆ ಬಟ್ಟೆಯ) ಅಂಗಡಿ. ಮೈದುನನೂ ಅದರಲ್ಲೇ ಇದ್ದಾನೆ. ನಾನು ಒಂದು ಖಾಸಗಿ ಶಾಲೆಯಲ್ಲಿ ಗಣಿತ ಕಲಿಸುತ್ತಿದ್ದೆ. ಮನೆಯ ಮೇಲೆ ಇನ್ನೊಂದು ಮಹಡಿ ಕಟ್ಟಿಸಬೇಕು ಅಂತ ಎಂಟು ವರ್ಷದಿಂದ ದುಡ್ಡು ಕೂಡಿಡುತ್ತಿದ್ದೆವು. 2023ರ ದೀಪಾವಳಿ ಮುಗಿದ ಮೇಲೆ ಒಂದು ರಾತ್ರಿ ಇವರು ಅಂದರು, "ಮಹಡಿ ಹತ್ತು ವರ್ಷ ಬಿಟ್ಟು ಕಟ್ಟಿದ್ರೂ ನಡೀತೈತಿ. ಮಕ್ಕಳು ಹತ್ತು ವರ್ಷ ಬಿಟ್ಟು ನಮ್ಮ ಜೋಡಿ ಬರೂದಿಲ್ಲ." ಇವರು ಈ ಮಾತನ್ನು ಬಹಳ ದಿನ ಒಳಗೇ ಇಟ್ಟುಕೊಂಡಿದ್ದರು ಅನ್ನುವುದು ದನಿಯಿಂದಲೇ ತಿಳಿಯಿತು. ಮೈದುನ ಅಂಗಡಿ ನೋಡಿಕೊಳ್ಳಲು ಒಪ್ಪಿದ. ನಾನು ಕೆಲಸಕ್ಕೆ ರಾಜೀನಾಮೆ ಕೊಟ್ಟೆ.

ಒಪ್ಪದೇ ಇದ್ದವರು ನಮ್ಮ ಅತ್ತೆ. ಅವರು ಹುಟ್ಟಿ ಬೆಳೆದಿದ್ದು, ಮದುವೆಯಾಗಿ ಬಂದದ್ದು, ಎರಡೂ ಹಳೇ ಬಾಗಲಕೋಟೆಯಲ್ಲೇ. ಆಲಮಟ್ಟಿ ಅಣೆಕಟ್ಟೆಯ ಹಿನ್ನೀರಿಗೆ ಅಲ್ಲಿಯ ಎಷ್ಟೋ ಓಣಿಗಳು ಹೋದವು. ಅದರಲ್ಲಿ ನಮ್ಮ ಮನೆಯೂ ಒಂದು. ಅಲ್ಲಿಂದ ಎದ್ದು ಬಂದವರಿಗೆ ಕಟ್ಟಿದ ಊರೇ ಈ ನವನಗರ. ಇಲ್ಲಿ ಓಣಿಗೆ ಹೆಸರಿಲ್ಲ, ಸೆಕ್ಟರ್ ನಂಬರ್ ಇದೆ. ಅತ್ತೆ ಒಂದೇ ಮಾತು ಹೇಳಿದರು. "ನೀವು ಮನಿ ಬಿಟ್ಟು ಹೊಂಟೀರಿ. ನಾ ಒಮ್ಮೆ ಬಿಟ್ಟು ನೋಡೇನಿ." ಅದಕ್ಕೆ ನಮ್ಮ ಹತ್ತಿರ ಉತ್ತರ ಇರಲಿಲ್ಲ.

ಕಾಗದಪತ್ರದ ಕೆಲಸ ಜನವರಿಯಲ್ಲಿ ಶುರುವಾಯಿತು. ಹುಬ್ಬಳ್ಳಿಯ ಪಾಸ್‌ಪೋರ್ಟ್ ಸೇವಾ ಕೇಂದ್ರದಲ್ಲಿ ನಾಲ್ವರಿಗೂ ಒಂದೇ ದಿನ ಅಪಾಯಿಂಟ್‌ಮೆಂಟ್ ಹಿಡಿದೆವು. ನಮಗಿಬ್ಬರಿಗೆ 60 ಪುಟದ ಪುಸ್ತಕ, ತಲಾ 2,000 ರೂಪಾಯಿ. ಮಗಳಿಗೆ 36 ಪುಟದ್ದು, 1,000 ರೂಪಾಯಿ. ಮಗನಿಗೆ ಎಂಟು ತುಂಬಿರಲಿಲ್ಲ, ಹಾಗಾಗಿ ಹತ್ತು ಶೇಕಡಾ ರಿಯಾಯಿತಿ ಸಿಕ್ಕಿತು. ಮಕ್ಕಳ ಪಾಸ್‌ಪೋರ್ಟ್ ಐದೇ ವರ್ಷ ನಡೆಯುತ್ತದೆ. ತಂದೆತಾಯಿ ಇಬ್ಬರೂ ಒಪ್ಪಿದ್ದೇವೆ ಅಂತ ಅನುಬಂಧ 'ಡಿ'ಗೆ ಸಹಿ ಹಾಕಬೇಕು.

ತೊಡಕು ಬಂದದ್ದು ಮಗಳ ಹೆಸರಿನಲ್ಲಿ. ಅವಳ ಜನನ ಪ್ರಮಾಣಪತ್ರದಲ್ಲಿ ಬರೀ ಹೆಸರಿತ್ತು, ಅಡ್ಡಹೆಸರು ಇರಲಿಲ್ಲ. ಆಧಾರ್‌ನಲ್ಲಿ ಎರಡೂ ಇತ್ತು. ಇದನ್ನು ದಯವಿಟ್ಟು ಮೊದಲೇ ನೋಡಿಕೊಳ್ಳಿ. ನಮ್ಮ ಕಡೆ ಎಷ್ಟೋ ಮಕ್ಕಳ ಪ್ರಮಾಣಪತ್ರ ಹೀಗೇ ಇರುತ್ತದೆ. ಪಾಸ್‌ಪೋರ್ಟಿನಲ್ಲಿ ಒಂದೇ ಹೆಸರಿದ್ದರೆ ಮುಂದೆ ಕೆಲವು ದೇಶಗಳಲ್ಲಿ ತೊಂದರೆ. ಯುಎಇಯಂತೂ 2022ರ ನವೆಂಬರ್‌ನಿಂದ ಒಂಟಿ ಹೆಸರಿನ ಪಾಸ್‌ಪೋರ್ಟಿಗೆ ಪ್ರವಾಸಿ ವೀಸಾ ಕೊಡುವುದನ್ನು ನಿಲ್ಲಿಸಿತು. ಪ್ರಮಾಣಪತ್ರ ತಿದ್ದಿಸಿಕೊಳ್ಳಲು ನಮಗೆ ಐದು ವಾರ ಹಿಡಿಯಿತು.

ಶಾಲೆಯದು ಇನ್ನೂ ದೊಡ್ಡ ಚಿಂತೆ. ಮಗಳು ಐದನೇ ತರಗತಿ ಮುಗಿಸಿದ್ದಳು, ಮಗ ಒಂದನೇದು. ವರ್ಷವಿಡೀ ಗೈರು ಹಾಜರಿ ತೋರಿಸುವುದಕ್ಕಿಂತ ಟಿಸಿ ತೆಗೆದುಕೊಂಡು ಹೋಗಿ, ಎಸ್‌ಎಟಿಎಸ್ ಸಂಖ್ಯೆ (ಶಾಲಾ ದಾಖಲೆಯಲ್ಲಿ ಮಗುವಿನ ಗುರುತಿನ ಸಂಖ್ಯೆ) ಮಾತ್ರ ಜೋಪಾನ ಮಾಡಿ ಅಂತ ಹಿರಿಯ ಶಿಕ್ಷಕರೊಬ್ಬರು ಸಲಹೆ ಕೊಟ್ಟರು. ಒಳ್ಳೆಯ ಸಲಹೆ. ರಾಜ್ಯ ಸರ್ಕಾರದ ಪಠ್ಯಪುಸ್ತಕಗಳು ಪಿಡಿಎಫ್ ರೂಪದಲ್ಲಿ ಬಿಟ್ಟಿಯಾಗಿ ಸಿಗುತ್ತವೆ. ಎಲ್ಲವನ್ನೂ ಟ್ಯಾಬ್‌ಗೆ ಇಳಿಸಿಕೊಂಡೆ. ಕನ್ನಡ ಮತ್ತು ಗಣಿತ ಮಾತ್ರ ಅಚ್ಚು ಪುಸ್ತಕ ಒಯ್ದೆವು.

ದುಡ್ಡಿನ ವಿಷಯದಲ್ಲಿ ಟಿಸಿಎಸ್ ಅನ್ನುವುದೊಂದು ಇದೆ, ಗೊತ್ತಿರಬೇಕು. ಆಗಿನ ನಿಯಮದಂತೆ ಒಬ್ಬರ ಪ್ಯಾನ್ ಮೇಲೆ ಒಂದು ಆರ್ಥಿಕ ವರ್ಷದಲ್ಲಿ ಫಾರೆಕ್ಸ್ ಕಾರ್ಡಿಗೆ (ವಿದೇಶದಲ್ಲಿ ಖರ್ಚು ಮಾಡುವ ಕಾರ್ಡು) ತುಂಬಿಸುವ ಹಣ 7 ಲಕ್ಷ ದಾಟಿದರೆ, ಮೇಲಿನ ಮೊತ್ತಕ್ಕೆ 20 ಶೇಕಡಾ ತೆರಿಗೆ ಮೊದಲೇ ಹಿಡಿಯುತ್ತಿದ್ದರು. ರಿಟರ್ನ್ಸ್ ಸಲ್ಲಿಸಿದರೆ ಅದು ಲೆಕ್ಕಕ್ಕೆ ಬರುತ್ತದೆ, ಆದರೆ ಅಲ್ಲಿಯವರೆಗೆ ಕೈಯಲ್ಲಿ ಇರುವುದಿಲ್ಲ. ಅದಕ್ಕೇ ಅರ್ಧ ಇವರ ಕಾರ್ಡಿಗೆ, ಅರ್ಧ ನನ್ನ ಕಾರ್ಡಿಗೆ ಹಾಕಿಸಿದೆವು. 2025ರ ಏಪ್ರಿಲ್‌ನಿಂದ ಆ ಮಿತಿ 10 ಲಕ್ಷಕ್ಕೆ ಏರಿದೆ.

ಹೊರಡುವ ಮುಂಚೆ ಬೆಂಗಳೂರಿನ ಸರ್ಕಾರಿ ಕೇಂದ್ರದಲ್ಲಿ ಹಳದಿ ಜ್ವರದ ಲಸಿಕೆ ಹಾಕಿಸಿದೆವು. ಆಫ್ರಿಕಾಕ್ಕೆ ಹೋಗುವುದು ಖಚಿತವಿರಲಿಲ್ಲ. ಆದರೂ ಒಮ್ಮೆ ಹಾಕಿಸಿದರೆ ಹತ್ತು ದಿನದ ನಂತರ ಜೀವನಪೂರ್ತಿ ನಡೆಯುತ್ತದೆ. ದಾರಿಯಲ್ಲಿ ಆ ಲಸಿಕೆ ಹುಡುಕಿಕೊಂಡು ಅಲೆಯುವುದು ಬೇಡ ಅನ್ನಿಸಿತು.

ಸಾಮಾನು ತಲಾ ಒಂದೊಂದು ಚೀಲ. ಮಕ್ಕಳು ತಮ್ಮ ತಮ್ಮ ಸ್ಟೀಲ್ ತಾಟು ಬಿಟ್ಟು ಬರುವುದಿಲ್ಲ ಅಂದರು. ಭಾರ ಅಂತ ಬೈದಿದ್ದೆ. ಬೈಯಬಾರದಿತ್ತು, ಅದು ಮುಂದೆ ತಿಳಿಯಿತು. ಇವರು ಮೂವತ್ತು ಖಣದ ತುಂಡು ಇಟ್ಟುಕೊಂಡರು, ಹೋದಲ್ಲೆಲ್ಲ ಮನೆ ಕೊಟ್ಟವರಿಗೆ ಉಡುಗೊರೆ ಕೊಡಲು. ಹಗುರ, ಮಡಚಿದರೆ ಅಂಗೈಯಗಲ. ಅತ್ತೆ ಸಿಟ್ಟಿನಲ್ಲೇ ನೂರು ಕಡಕ್ ರೊಟ್ಟಿ, ಎರಡು ಕಿಲೋ ಶೇಂಗಾ ಹಿಂಡಿ ಕಟ್ಟಿಕೊಟ್ಟರು.

2024ರ ಜೂನ್ 15ರಂದು ಬಸವ ಎಕ್ಸ್‌ಪ್ರೆಸ್ ಹತ್ತಿ ಬೆಂಗಳೂರು. ವಿಮಾನದ ಕೌಂಟರಿನಲ್ಲಿ ಮೊದಲ ಪೆಟ್ಟು ಬಿತ್ತು. ಮಲೇಷ್ಯಾಕ್ಕೆ ಆಗ ನಮಗೆ 30 ದಿನ ವೀಸಾ ಬೇಕಿರಲಿಲ್ಲ. ಆದರೆ ಅಲ್ಲಿಂದ ಹೊರಡುವ ಟಿಕೆಟ್ ತೋರಿಸಿ ಅಂದರು. ರೈಲಿನಲ್ಲಿ ಥಾಯ್ಲೆಂಡಿಗೆ ಹೋಗುತ್ತೇವೆ ಅಂದರೆ ಕೇಳಲಿಲ್ಲ. ಮಕ್ಕಳನ್ನು ಚೀಲದ ಮೇಲೆ ಕೂರಿಸಿ, ಅಲ್ಲೇ ನಿಂತು ಫೋನಿನಲ್ಲಿ ನಾಲ್ಕು ಅಗ್ಗದ ಟಿಕೆಟ್ ಕೊಂಡು ತೋರಿಸಿದೆವು. ಒಂದು ಕಡೆಯ ಟಿಕೆಟ್ಟಿನಲ್ಲಿ ಹೋಗುವವರು ಇದನ್ನು ಮನೆಯಲ್ಲೇ ಮಾಡಿಕೊಂಡು ಬರಬೇಕು.

ಮಲೇಷ್ಯಾದಲ್ಲಿ 28 ದಿನ ಇದ್ದೆವು. ಆರು ಊರು ಸುತ್ತಿದೆವು. ಕೌಲಾಲಂಪುರ, ಮಲಕ್ಕಾ, ಕ್ಯಾಮೆರಾನ್ ಬೆಟ್ಟ, ಇಪೋ, ಪೆನಾಂಗ್, ಲಂಕಾವಿ. ದುಡ್ಡು ಕೊಟ್ಟು ಬಂದಿದ್ದೇವೆ, ಎಲ್ಲ ನೋಡಲೇಬೇಕು ಅನ್ನುವ ಹಟ ನಮ್ಮಿಬ್ಬರಿಗೂ ಇತ್ತು. ಪ್ರತಿ ನಾಲ್ಕು ದಿನಕ್ಕೆ ಚೀಲ ಕಟ್ಟುವುದು, ಬಿಚ್ಚುವುದು. ಮೂರನೇ ವಾರಕ್ಕೆ ಮಗ ಸಣ್ಣ ಸಣ್ಣದಕ್ಕೆ ಅಳಲು ಶುರು ಮಾಡಿದ. ಹಾಸಿಗೆ ಒದ್ದೆ ಮಾಡುವುದು ನಿಂತು ನಾಲ್ಕು ವರ್ಷವಾಗಿತ್ತು, ಮತ್ತೆ ಶುರುವಾಯಿತು. ಮಗಳು ಮಾತು ಬಿಟ್ಟಳು. ಕಿಟಕಿ ಕಡೆ ಮುಖ ಮಾಡಿ ಕೂರುತ್ತಿದ್ದಳು. ಊಟಕ್ಕೆ ಮಾತ್ರ ಇಬ್ಬರೂ ತಮ್ಮ ತಾಟು ತೆಗೆಯುತ್ತಿದ್ದರು. ಹೋಟೆಲಿನವರು ಬಾಳೆ ಎಲೆ ಹಾಕಿದರೂ ಅದರ ಮೇಲೆ ತಮ್ಮ ತಾಟು ಇಟ್ಟುಕೊಳ್ಳುತ್ತಿದ್ದರು. ದಿನವೂ ಬದಲಾಗದೆ ಇದ್ದ ವಸ್ತು ಅದೊಂದೇ ಆಗಿತ್ತು ಅಲ್ವಾ.

ಜುಲೈ ಮಧ್ಯದಲ್ಲಿ ಪಡಂಗ್ ಬೆಸಾರ್ ಗಡಿಯಲ್ಲಿ ರೈಲು ಬದಲಿಸಿ ಥಾಯ್ಲೆಂಡಿಗೆ ದಾಟಿದೆವು. ಅದೇ ವಾರ ಭಾರತೀಯರಿಗೆ ಅಲ್ಲಿ ವೀಸಾ ಇಲ್ಲದೆ ಇರುವ ಅವಧಿ 30ರಿಂದ 60 ದಿನಕ್ಕೆ ಏರಿತ್ತು. ಚಿಯಾಂಗ್ ಮಾಯ್‌ನಲ್ಲಿ ಐದು ದಿನ ಇದ್ದು ಮುಂದೆ ಹೋಗುವ ಲೆಕ್ಕ. ನಾಲ್ಕನೇ ದಿನ ಮಗನಿಗೆ 103 ಡಿಗ್ರಿ ಜ್ವರ. ಕಣ್ಣಿನ ಹಿಂದೆ ನೋವು ಅಂತ ಅತ್ತ. ಆಸ್ಪತ್ರೆಯಲ್ಲಿ ರಕ್ತ ಪರೀಕ್ಷೆ ಮಾಡಿ ಡೆಂಗಿ ಅಂದರು.

ಆ ಆರು ದಿನ ಬರೆಯುವಾಗ ಈಗಲೂ ಕೈ ತಣ್ಣಗಾಗುತ್ತದೆ. ಭಾಷೆ ಬಾರದ ಊರು. ಹೊರಗೆ ಬಿಡದ ಮಳೆ. ಪ್ಯಾರಾಸಿಟಮಾಲ್ ಬಿಟ್ಟು ಬೇರೆ ನೋವಿನ ಗುಳಿಗೆ ಕೊಡಲೇಬೇಡಿ, ಐಬುಪ್ರೊಫೆನ್ ಡೆಂಗಿಯಲ್ಲಿ ರಕ್ತಸ್ರಾವ ತರಬಹುದು ಅಂತ ವೈದ್ಯರು ಎರಡೆರಡು ಸಲ ಹೇಳಿದರು. ನಮ್ಮ ಔಷಧಿ ಚೀಲದಲ್ಲಿ ಇದ್ದದ್ದು ಅದೇ. ಹಿಂದಿನ ರಾತ್ರಿ ಕೊಡಲು ಕೈಗೆ ತೆಗೆದುಕೊಂಡಿದ್ದೆ, ಮಗ ನಿದ್ದೆ ಹೋಗಿದ್ದರಿಂದ ಕೊಟ್ಟಿರಲಿಲ್ಲ. ಜ್ವರ ಇಳಿದಾಗ ನಮಗೆ ಖುಷಿಯಾಯಿತು. ವೈದ್ಯರು, ಅಪಾಯದ ಹೊತ್ತು ಈಗಲೇ ಶುರು, ಜ್ವರ ಇಳಿದ ಮೇಲಿನ ಎರಡು ದಿನ ನೋಡಬೇಕು ಅಂದರು. ಪ್ಲೇಟ್‌ಲೆಟ್ 52 ಸಾವಿರಕ್ಕೆ ಇಳಿದು, ಮೂರನೇ ದಿನ ತಾನಾಗೇ ಏರಿತು. ಬಿಲ್ಲು ರೂಪಾಯಿ ಲೆಕ್ಕದಲ್ಲಿ ಒಂದು ಲಕ್ಷ ದಾಟಿತ್ತು. ನಾವೇ ಕಟ್ಟಿ, ಆಮೇಲೆ ವಿಮೆಯಿಂದ ಪಡೆದೆವು. ಅದಕ್ಕೆ ಎರಡು ತಿಂಗಳು, ಹದಿನೇಳು ಮಿಂಚಂಚೆ. ವಿಮೆ ಇಲ್ಲದೆ ಮಕ್ಕಳನ್ನು ಕರೆದುಕೊಂಡು ಹೊರಡಬೇಡಿ. ನಮ್ಮ ಪಾಲಿಸಿ 180 ದಿನಕ್ಕೆ ಮಾತ್ರ ಇತ್ತು, ಮುಗಿಯುವ ಮೊದಲೇ ನೆನಪಿಟ್ಟು ಮುಂದುವರಿಸಿದೆವು.

ಮನೆ ಬಾಡಿಗೆಗೆ ಕೊಟ್ಟಿದ್ದ ಹೆಂಗಸು ದಿನವೂ ಅಕ್ಕಿ ಗಂಜಿ ಮಾಡಿ ಆಸ್ಪತ್ರೆಗೆ ತರುತ್ತಿದ್ದರು. ಓಣಿಯವರೆಲ್ಲ ಅವರನ್ನು 'ಪಾ' ಅನ್ನುತ್ತಿದ್ದರು. ದೊಡ್ಡಮ್ಮ ಅಂದ ಹಾಗೆ. ಮೀನಿನ ಸಾಸ್ ಹಾಕಬೇಡಿ, ನಾವು ತಿನ್ನುವುದಿಲ್ಲ ಅಂತ ಹೇಳಲು ನಾನು ಕಷ್ಟಪಡುತ್ತಿದ್ದಾಗ ಅವರು "ಜೇ?" ಅಂತ ಕೇಳಿದರು. ಥಾಯ್ಲೆಂಡಿನಲ್ಲಿ ಶುದ್ಧ ಸಸ್ಯಾಹಾರಕ್ಕೆ ಇರುವ ಮಾತು ಅದು. ಅಂಗಡಿ ಮುಂದೆ ಹಳದಿ ಬಾವುಟದ ಮೇಲೆ ಕೆಂಪು ಅಕ್ಷರದಲ್ಲಿ ಬರೆದಿರುತ್ತದೆ. ಅದೊಂದು ಮಾತು ಗೊತ್ತಾದ ಮೇಲೆ ನಮ್ಮ ಊಟದ ಅರ್ಧ ಚಿಂತೆ ಹೋಯಿತು.

ಆಸ್ಪತ್ರೆಯಿಂದ ಮನೆಗೆ ಬಂದ ದಿನ ರಾತ್ರಿ ಇವರು ಊರಿಗೆ ವಾಪಸ್ ಹೋಗೋಣ ಅಂದರು. ನಾನೂ ಅದನ್ನೇ ಯೋಚಿಸುತ್ತಿದ್ದೆ. ಆದರೆ ಮಗ ಒಂದು ವಾರ ಎದ್ದು ಓಡಾಡುವ ಹಾಗಿರಲಿಲ್ಲ. ಅಲ್ಲೇ ಉಳಿದೆವು. ಎರಡನೇ ವಾರದಲ್ಲಿ ಒಂದು ಬೆಳಿಗ್ಗೆ ನೋಡುತ್ತೇನೆ, ಅವನು ತನ್ನ ಅಂಗಿಗಳನ್ನು ಚೀಲದಿಂದ ತೆಗೆದು ಕಪಾಟಿನ ಕೆಳಗಿನ ಖಾನೆಯಲ್ಲಿ ಜೋಡಿಸುತ್ತಿದ್ದ. ತಾಟನ್ನು ಅಡುಗೆ ಮನೆಯ ಕಟ್ಟೆಯ ಮೇಲೆ ಇಟ್ಟಿದ್ದ. ಮಗಳು ಪಾ ಜೊತೆ ಸಂತೆಗೆ ಹೋಗಿ ಒಬ್ಬಳೇ ಬಾಳೆಹಣ್ಣು ಕೊಂಡು ಬಂದಳು. ಅವಳ ಮುಖದಲ್ಲಿ ಒಂದೂವರೆ ತಿಂಗಳ ನಂತರ ನಗು ಕಂಡೆ. ನಾವು ಅಲ್ಲಿ ನಲವತ್ತಾರು ದಿನ ಇದ್ದೆವು.

ಅಲ್ಲಿಂದ ಮುಂದೆ ನಿಯಮ ಒಂದೇ. ಒಂದು ಊರಿಗೆ ಹೋದರೆ ಕನಿಷ್ಠ ನಾಲ್ಕು ವಾರ. ಹೋದ ತಕ್ಷಣ ಮೊದಲು ಮಕ್ಕಳು ಖಾನೆ ಆರಿಸಿಕೊಂಡು ಚೀಲ ಬಿಚ್ಚಬೇಕು. ನೋಡುವ ಜಾಗ ವಾರಕ್ಕೆ ಎರಡು, ಜಾಸ್ತಿ ಇಲ್ಲ. ಮೂವತ್ತು ದೇಶದ ಪಟ್ಟಿ ಇತ್ತು, ಕೊನೆಗೆ ಆದದ್ದು ಐದು. ಅದಕ್ಕೆ ನನಗೆ ಒಂದಿಷ್ಟೂ ಬೇಜಾರಿಲ್ಲ. ತಿಂಗಳ ಬಾಡಿಗೆ ದಿನದ ಬಾಡಿಗೆಗಿಂತ ಬಹಳ ಕಡಿಮೆ ಬಿತ್ತು, ಖರ್ಚೂ ಹಿಡಿತಕ್ಕೆ ಬಂತು.

ಬೆಳಿಗ್ಗೆ ಎರಡು ಗಂಟೆ ಪಾಠ. ನಾನು ಶಿಕ್ಷಕಿಯಾದರೂ ಸ್ವಂತ ಮಕ್ಕಳಿಗೆ ಕಲಿಸುವುದು ಬೇರೆಯೇ ಕೆಲಸ. ಗಣಿತಕ್ಕೆ ಸಂತೆಯೇ ಸಾಕಾಯಿತು. ವಿಯೆಟ್ನಾಂನಲ್ಲಿ ಆಗ ಒಂದು ರೂಪಾಯಿಗೆ ಸುಮಾರು 300 ಡಾಂಗ್ ಇತ್ತು. ಐದು ಲಕ್ಷದ ನೋಟು ಇರುವ ದೇಶದಲ್ಲಿ ಮಗ ಎರಡೇ ವಾರದಲ್ಲಿ ಲಕ್ಷದವರೆಗೆ ಓದಲು ಕಲಿತ. ಕನ್ನಡ ಮಾತ್ರ ಪಟ್ಟು ಹಿಡಿದು ಕಲಿಸಬೇಕಾಯಿತು. ಅವನು ದಿನಕ್ಕೊಂದು ಪುಟ ಆಯಿಗೆ ಪತ್ರ ಬರೆಯುತ್ತಿದ್ದ, ನಾನು ಅದರ ಫೋಟೋ ಕಳಿಸುತ್ತಿದ್ದೆ. ಆಯಿ ಅಂದರೆ ನಮ್ಮ ಅತ್ತೆ. ಅವರು ಪ್ರತಿ ಪತ್ರವನ್ನೂ ಮೈದುನನಿಂದ ಪ್ರಿಂಟ್ ಹಾಕಿಸಿ ಇಟ್ಟಿದ್ದಾರೆ ಅಂತ ನಮಗೆ ಗೊತ್ತಾದದ್ದು ಬಂದ ಮೇಲೆ.

ಮಗಳ ಸಿಟ್ಟು ಹೊರಗೆ ಬಿದ್ದದ್ದು ಚಿಯಾಂಗ್ ಮಾಯ್‌ನಲ್ಲೇ. ಗೆಳತಿಯ ಹುಟ್ಟುಹಬ್ಬದ ವಿಡಿಯೋ ನೋಡಿ ಫೋನ್ ಬಿಸಾಕಿದಳು. "ನನ್ನ ಒಂದ್ ಮಾತು ಕೇಳದ ಕರಕೊಂಡು ಬಂದ್ರಿ" ಅಂದಳು. ನಿಜ. ನಾವು ಹೇಳಿದ್ದೆವು, ಕೇಳಿರಲಿಲ್ಲ. ಹನ್ನೊಂದು ವರ್ಷದ ಹುಡುಗಿಗೆ ಗೆಳತಿಯರು ಎಂದರೆ ಏನು ಅಂತ ನನಗೆ ಗೊತ್ತಿರಬೇಕಿತ್ತು. ಇವರು ಅವಳ ಮುಂದೆ ನಕಾಶೆ ಹಾಸಿ, "ವಿಯೆಟ್ನಾಂ ಆದ ಮ್ಯಾಲೆ ಎಲ್ಲಿ ಅಂತ ನೀ ಹೇಳು. ಮನಿ ಅಂದ್ರ ಮನಿಗೇ" ಅಂದರು. ಅವಳು ಮೂರು ದಿನ ಏನೂ ಹೇಳಲಿಲ್ಲ. ನಾಲ್ಕನೇ ದಿನ ಕೀನ್ಯಾದ ಮೇಲೆ ಬೆರಳಿಟ್ಟಳು. ಜಿರಾಫೆ ನೋಡಬೇಕು, ಆಮೇಲೆ ಯುಗಾದಿಗೆ ಮನೆ.

ಲಾವೋಸಿಗೆ ಹೋದದ್ದು ಮೆಕಾಂಗ್ ನದಿಯ ನಿಧಾನದ ದೋಣಿಯಲ್ಲಿ. ಹ್ವಾಯ್ ಸಾಯ್‌ನಿಂದ ಲುವಾಂಗ್ ಪ್ರಬಾಂಗ್‌ಗೆ ಎರಡು ಹಗಲು, ನಡುವೆ ಪಾಕ್ಬೆಂಗ್‌ನಲ್ಲಿ ಒಂದು ರಾತ್ರಿ. ಅಲ್ಲಿ ನೇಯ್ಗೆಯ ಹಳ್ಳಿಯಲ್ಲಿ ಇವರು ದಿನಗಟ್ಟಲೆ ಕೂತರು. ಮಾತಿಲ್ಲ. ಒಬ್ಬ ಅಜ್ಜಿಗೆ ಖಣದ ತುಂಡು ಕೊಟ್ಟಾಗ ಅವರು ಅದನ್ನು ಬೆಳಕಿಗೆ ಹಿಡಿದು, ತಿರುಗಿಸಿ ಹಿಂಬದಿ ನೋಡಿ, ಉಗುರಿನಿಂದ ಎಳೆ ಎಣಿಸಿದರು. ನೇಯುವವರು ಎಲ್ಲ ಕಡೆ ಮೊದಲು ಬಟ್ಟೆಯ ಹಿಂಬದಿಯನ್ನೇ ನೋಡುತ್ತಾರೆ ಅಂತ ಇವರು ಬಹಳ ದಿನ ಹೇಳುತ್ತಿದ್ದರು.

ವಿಯೆಟ್ನಾಂನ ಇ-ವೀಸಾ 90 ದಿನದ್ದು, ಒಬ್ಬರಿಗೆ 25 ಡಾಲರ್. ಮಗಳ ಅರ್ಜಿಯಲ್ಲಿ ನಾನು ಹುಟ್ಟಿದ ದಿನ, ತಿಂಗಳು ಅದಲುಬದಲು ಮಾಡಿದ್ದೆ. ವೀಸಾ ಬಂದ ಮೇಲೆ ಕಂಡಿತು. ತಿದ್ದುವ ಬದಲು ಹೊಸದಾಗಿ ಹಾಕಿದೆವು. ದುಡ್ಡು ಮತ್ತೆ ಕಟ್ಟಿ ಲಾವೋಸಿನಲ್ಲಿ ಒಂದು ವಾರ ಜಾಸ್ತಿ ಉಳಿದೆವು. ಅರ್ಜಿಯನ್ನು ಒಬ್ಬರು ತುಂಬಬೇಕು, ಇನ್ನೊಬ್ಬರು ಗಟ್ಟಿಯಾಗಿ ಓದಬೇಕು. ಆಮೇಲೆ ನಾವು ಹಾಗೇ ಮಾಡಿದೆವು.

ವಿಯೆಟ್ನಾಂನ ಹೋಯ್ ಆನ್ ನನಗೆ ಎಲ್ಲಕ್ಕಿಂತ ಹತ್ತಿರವಾದ ಊರು. ಅಲ್ಲಿ ಸಸ್ಯಾಹಾರಕ್ಕೆ 'ಚಾಯ್' ಅನ್ನುತ್ತಾರೆ. ಅಮಾವಾಸ್ಯೆಯ ಆಸುಪಾಸು, ಹುಣ್ಣಿಮೆಗೆ ಎಷ್ಟೋ ಮನೆಗಳಲ್ಲಿ ಮಾಂಸ ಮುಟ್ಟುವುದಿಲ್ಲ. ಅವರ ತಿಂಗಳ ಲೆಕ್ಕ ಚಂದ್ರನದು. ಇದನ್ನು ಹೇಳಿದಾಗ ಅತ್ತೆ ಫೋನಿನಲ್ಲಿ ಮೊದಲ ಸಲ ಕುತೂಹಲ ತೋರಿಸಿದರು. "ಅವರೂ ಅಮಾಸಿ ಹಿಡೀತಾರ?"

ಅಲ್ಲಿಂದ ಸುಮಾರು 40 ಕಿಲೋಮೀಟರ್ ದೂರದಲ್ಲಿ ಮಿ ಸೋನ್. ಅಲ್ಲಿ ಹಿಂದೆ ಇದ್ದ ಚಂಪಾ ರಾಜ್ಯದ ರಾಜರು ಕಟ್ಟಿದ ಶಿವನ ಗುಡಿಗಳು. ನಾಲ್ಕನೇ ಶತಮಾನದಲ್ಲಿ ಭದ್ರವರ್ಮ ಅನ್ನುವ ರಾಜ ಅಲ್ಲಿ ಭದ್ರೇಶ್ವರನನ್ನು ಸ್ಥಾಪಿಸಿದ ಅಂತ ಸಂಸ್ಕೃತ ಶಾಸನವೇ ಹೇಳುತ್ತದೆ. ನಮ್ಮ ಬಾದಾಮಿ ಚಾಲುಕ್ಯರು ಬಂದದ್ದು ಅದಕ್ಕಿಂತ ಆಮೇಲೆ. ಪಟ್ಟದಕಲ್ಲು, ಐಹೊಳೆ ನೋಡಿ ಬೆಳೆದ ಮಕ್ಕಳು ಬಾಗಿಲ ಹತ್ತಿರ ನಿಂತು, "ಕಲ್ಲಲ್ಲ, ಇಟ್ಟಂಗಿ!" ಅಂದರು. ಹೌದು, ಬಹುತೇಕ ಇಟ್ಟಿಗೆ. 1969ರಲ್ಲಿ ಅಮೆರಿಕದ ಬಾಂಬಿಗೆ ಬಹಳಷ್ಟು ಗುಡಿ ಹೋದವು. ಉಳಿದವನ್ನು ಸರಿಪಡಿಸಲು ನಮ್ಮ ಪುರಾತತ್ವ ಇಲಾಖೆಯವರೂ ಕೆಲಸ ಮಾಡಿದ್ದಾರೆ. 2020ರಲ್ಲಿ ಹಾಗೆ ಕೆಲಸ ಮಾಡುವಾಗಲೇ ಒಂದೇ ಕಲ್ಲಿನ ಶಿವಲಿಂಗ ಸಿಕ್ಕಿತು. ಒಂಬತ್ತನೇ ಶತಮಾನದ್ದು. ಮಗಳು ಅವತ್ತು ರಾತ್ರಿ ಯಾರೂ ಹೇಳದೆ ನಾಲ್ಕು ಪುಟ ಬರೆದಳು.

ನವೆಂಬರ್‌ನಲ್ಲಿ ಥು ಬೋನ್ ನದಿ ಉಕ್ಕಿತು. ನದಿ ಪಕ್ಕದ ಬೀದಿಯಲ್ಲಿ ಮೊಣಕಾಲುದ್ದ ನೀರು. ನಾನು ಹೆದರಿ ಚೀಲ ಕಟ್ಟಲು ಎದ್ದೆ. ಅಲ್ಲಿಯವರು ಸುಮ್ನೆ ತಮ್ಮ ಪಾಡಿಗೆ ಕುರ್ಚಿ, ಪೆಟ್ಟಿಗೆಗಳನ್ನು ಮಾಳಿಗೆಗೆ ಏರಿಸುತ್ತಿದ್ದರು. ಪ್ರತಿ ವರ್ಷದ ಕೆಲಸ ಅದು. ಹಳೇ ಮನೆಯೊಂದರ ಗೋಡೆಯ ಮೇಲೆ ಯಾವ ವರ್ಷ ನೀರು ಎಲ್ಲಿಯವರೆಗೆ ಬಂತು ಅಂತ ಗೆರೆ ಎಳೆದಿದ್ದಾರೆ. 1964ರ ಗೆರೆ ನನ್ನ ತಲೆಗಿಂತ ಎಷ್ಟೋ ಮೇಲಿತ್ತು.

ಮಗ ವಿಡಿಯೋ ಕಾಲ್ ಮಾಡಿ ಆಯಿಗೆ ಬೀದಿಯ ನೀರು ತೋರಿಸಿದ. ಅತ್ತೆ ಬಹಳ ಹೊತ್ತು ನೋಡಿದರು. "ನಮ್ಮ ಓಣ್ಯಾಗೂ ಹಿಂಗ ಬಂತು" ಅಂದರು. ಆಮೇಲೆ, "ಇವರ ನೀರು ಇಳೀತೈತೇನು?" ಅಂತ ಕೇಳಿದರು. ಮೂರು ದಿನಕ್ಕೆ ಇಳಿಯುತ್ತದಂತೆ ಅಂದೆ. "ಮತ್ತ ಅದ ಮನ್ಯಾಗ ಇರ್ತಾರ?" ಹೌದು ಅಂದೆ. ಅವರು ಫೋನ್ ಮೈದುನನ ಕೈಗೆ ಕೊಟ್ಟು ಎದ್ದು ಹೋದರು. ಮೂರನೇ ದಿನ ಅವರೇ ಫೋನ್ ಮಾಡಿದರು. ನೀರು ಇಳಿಯಿತಾ ಅಂತ ಕೇಳಲು. ಮಗ ಬೀದಿಗೆ ಓಡಿ ಹೋಗಿ, ಕೆಸರು ಬಳಿಯುತ್ತಿದ್ದ ಜನರನ್ನೆಲ್ಲ ತೋರಿಸಿದ.

ಜನವರಿಯಲ್ಲಿ ಕೀನ್ಯಾ. ಇ-ಟಿಎ ಅನ್ನುವ ಅನುಮತಿ ಆನ್‌ಲೈನ್‌ನಲ್ಲೇ ಸಿಕ್ಕಿತು. ಮಸಾಯಿ ಮಾರಾ ವನ್ಯಧಾಮದ ಪ್ರವೇಶ ಶುಲ್ಕ ಆಗ ದೊಡ್ಡವರಿಗೆ ದಿನಕ್ಕೆ 100 ಡಾಲರ್ ಇತ್ತು, ಜುಲೈಯಿಂದ ವರ್ಷದ ಕೊನೆಯವರೆಗೆ 200. ನಮಗೆ ಅದು ಭಾರ. ಅದನ್ನು ಬಿಟ್ಟು ನೈವಾಶಾ ಸರೋವರದ ಹತ್ತಿರ ಮನೆ ಹಿಡಿದೆವು. ಅಲ್ಲಿಯ ಹೆಲ್ಸ್ ಗೇಟ್ ಉದ್ಯಾನದಲ್ಲಿ ಸೈಕಲ್ ತುಳಿಯುತ್ತಲೇ ಜಿರಾಫೆ, ಜೀಬ್ರಾ ನೋಡಬಹುದು. ಮಗಳು ಜಿರಾಫೆ ಕಂಡ ಕೂಡಲೇ ಸೈಕಲ್ ನಿಲ್ಲಿಸಿ ನಿಂತೇ ಬಿಟ್ಟಳು, ಅರ್ಧ ಗಂಟೆ. ಯಾರೂ ಕರೆಯಲಿಲ್ಲ.

ಅಲ್ಲಿ ಅಂಗಡಿಗೆ 'ದುಕಾ', ಗಾಡಿಗೆ 'ಗಾರಿ' ಅನ್ನುತ್ತಾರೆ. ಒಂದು ದುಕಾದಲ್ಲಿ ಹಿಟ್ಟಿನ ಪೊಟ್ಟಣದ ಮೇಲೆ 'ಮ್ತಾಮಾ' ಅಂತ ಬರೆದಿತ್ತು. ಕೆಂಪಗಿತ್ತು. ಏನಿದು ಅಂತ ಚಿತ್ರ ನೋಡಿದರೆ ಜೋಳ! ಏಳು ತಿಂಗಳಿಂದ ಜೋಳದ ಹಿಟ್ಟು ಕಂಡಿರಲಿಲ್ಲ. ಅತ್ತೆಯ ಕಡಕ್ ರೊಟ್ಟಿ ಚಿಯಾಂಗ್ ಮಾಯ್‌ನಲ್ಲೇ ಮುಗಿದಿತ್ತು. ಶೇಂಗಾ ಹಿಂಡಿಯನ್ನು ಹೋದಲ್ಲೆಲ್ಲ ಒರಳಿನಲ್ಲಿ ಕುಟ್ಟಿಕೊಳ್ಳುತ್ತಿದ್ದೆ. ಶೇಂಗಾ ಎಲ್ಲ ಕಡೆ ಸಿಗುತ್ತದೆ, ಜೋಳ ಸಿಕ್ಕಿರಲಿಲ್ಲ. ಮನೆಗೆ ಬಂದು ರೊಟ್ಟಿ ಬಡಿಯಲು ಕೂತರೆ ಹಿಟ್ಟು ಒಡೆಯುತ್ತಿತ್ತು, ಜಿಗಿ ಇಲ್ಲ. ಅತ್ತೆ ಫೋನಿನಲ್ಲಿ ನೋಡುತ್ತಾ, "ಎಸರು ಇನ್ನೂ ಕುದೀಲಿ. ಹಿಟ್ಟಿನ ಮ್ಯಾಲೆ ಹೊಯ್ದು ಮುಚ್ಚಿಡು. ಅವಸರ ಮಾಡಬ್ಯಾಡ" ಅಂದರು. ನಾಲ್ಕನೇ ರೊಟ್ಟಿ ನಿಂತಿತು. ಕೆಂಪು ರೊಟ್ಟಿ, ಸ್ಟೀಲ್ ತಾಟು, ಹಿಂಡಿ, ಎಣ್ಣೆ. ಜೋಳ ಮೂಲತಃ ಆಫ್ರಿಕಾದ ಬೆಳೆ, ಇಲ್ಲಿಂದಲೇ ಸಾವಿರಾರು ವರ್ಷದ ಹಿಂದೆ ನಮ್ಮ ಕಡೆ ಬಂದದ್ದು ಅಂತ ಹೇಳಿದಾಗ ಮಗ ನಂಬಲಿಲ್ಲ. ಆಯಿಗೂ ಹೇಳಿದ. ಆಯಿಯೂ ನಂಬಲಿಲ್ಲ.

ಮಾರ್ಚ್ ಕೊನೆಯಲ್ಲಿ ನೈರೋಬಿಯಿಂದ ಮುಂಬೈ. ವಿಮಾನ ನಿಲ್ದಾಣದಲ್ಲಿ ಹಳದಿ ಲಸಿಕೆ ಪುಸ್ತಕ ಕೇಳಿದರು, ತೋರಿಸಿದೆವು. ಇಲ್ಲದಿದ್ದರೆ ಆರು ದಿನದವರೆಗೆ ಪ್ರತ್ಯೇಕವಾಗಿ ಇಡುತ್ತಾರೆ. ಸೊಲ್ಲಾಪುರ, ವಿಜಯಪುರ ದಾಟಿ ರೈಲು ಬಾಗಲಕೋಟೆಗೆ ಬಂದಾಗ ಬೇಸಿಗೆಯ ಧಗೆ. ಒಂಬತ್ತು ತಿಂಗಳ ಮೇಲೆ ಕೆಲವು ದಿನ. ವಿಮಾನ, ವಿಮೆ, ಆಸ್ಪತ್ರೆ ಎಲ್ಲ ಸೇರಿ 17 ಲಕ್ಷದ ಹತ್ತಿರ ಖರ್ಚಾಗಿತ್ತು. ವಿಮಾನಕ್ಕೇ ನಾಲ್ಕು ಲಕ್ಷ.

ಶಾಲೆಗೆ ಸೇರಿಸುವುದು ಅಂದುಕೊಂಡಷ್ಟು ಸುಲಭ ಆಗಲಿಲ್ಲ. ಮೊದಲು ಕೇಳಿದ ಶಾಲೆಯವರು ಮಗಳನ್ನು ಆರನೇ ತರಗತಿಗೇ ಕೂರಿಸುತ್ತೇವೆ ಅಂದರು. 2009ರ ಶಿಕ್ಷಣ ಹಕ್ಕು ಕಾಯ್ದೆಯ 4ನೇ ಕಲಂ ಪ್ರಕಾರ ನಡುವೆ ಶಾಲೆ ತಪ್ಪಿದ ಮಗುವನ್ನು ವಯಸ್ಸಿಗೆ ತಕ್ಕ ತರಗತಿಗೇ ಸೇರಿಸಬೇಕು, ಹಿಂದುಳಿದಿದ್ದರೆ ವಿಶೇಷ ತರಬೇತಿ ಕೊಡಬೇಕು. ಅದರ ಪ್ರತಿ ಹಿಡಿದು ಶಿಕ್ಷಣಾಧಿಕಾರಿಗಳ ಕಚೇರಿಗೆ ಮೂರು ಸಲ ಹೋದೆ. ಕೊನೆಗೆ ಇನ್ನೊಂದು ಶಾಲೆಯಲ್ಲಿ ಏಳನೇ ಮತ್ತು ಮೂರನೇ ತರಗತಿಗೆ ತೆಗೆದುಕೊಂಡರು. ಮಗಳಿಗೆ ಹಿಂದಿ ಕಷ್ಟವಾಗಿದೆ, ಟ್ಯೂಷನ್ ಹಾಕಿದ್ದೇವೆ. ಇಬ್ಬರು ಗೆಳತಿಯರು ಮೊದಲಿನ ಹಾಗೇ ಇದ್ದಾರೆ. ಒಬ್ಬಳು ಮಾತಾಡುವುದಿಲ್ಲ. ಅದು ಅವಳಿಗೆ ಇನ್ನೂ ನೋವು.

ಮೊನ್ನೆ ನಾನು ಕಂಪ್ಯೂಟರ್ ಮುಂದೆ ಕೂತಿದ್ದಾಗ ಅತ್ತೆ ಬಂದು ಪಕ್ಕದಲ್ಲಿ ನಿಂತರು.

"ನನ್ನ ವಯಸ್ಸಿನವರಿಗೂ ಪಾಸ್‌ಪೋರ್ಟ್ ಕೊಡ್ತಾರೇನು?"

ಕೊಡುತ್ತಾರೆ, ಅರವತ್ತು ದಾಟಿದವರಿಗೆ ಫೀ ಕೂಡ ಕಡಿಮೆ ಅಂದೆ. ಎಲ್ಲಿಗೆ ಅಂತ ಕೇಳಲಿಲ್ಲ. ನೀರು ಇಳಿದ ಮೇಲೆ ಜನ ವಾಪಸ್ ಬಂದ ಆ ಬೀದಿಯ ವಿಡಿಯೋ ಅವರ ಫೋನಿನಲ್ಲಿ ಇನ್ನೂ ಇದೆ. ಅರ್ಜಿ ತೆರೆದೆ. ಹೆಸರು, ಅಡ್ಡಹೆಸರು, ಹುಟ್ಟಿದ ದಿನ. ನಾನು ತುಂಬುತ್ತಾ ಹೋದೆ, ಮೊಮ್ಮಗಳು ಗಟ್ಟಿಯಾಗಿ ಓದುತ್ತಾ ಹೋದಳು. ಹುಟ್ಟಿದ ಊರಿನ ಕಾಲಂ ಬಂತು.

"ಬಾಗಲಕೋಟೆ ಅಂತ ಹಾಕಲಾ ಅತ್ತಿ?"

"ಹಳೇ ಬಾಗಲಕೋಟಿ ಅಂತ ಬರಿ" ಅಂದರು.